ಮೈಲಾರಮ್ಮ ಮುರಿದ ಕೊಕ್ಕು

ಮೈಲಾರಮ್ಮ ಕುರಿ ಕಾಯೋರ ಮನಿ ಹೆಣ್ಮಗಳು. ರಾಯದುರ್ಗದ ಪ್ಯಾಂಟ್ ಹೊಲಿಯೋ ಶೆಡ್ಡಿನಾಗ ಎಂಟು ವರ್ಷ ನನ್ನ ಪಕ್ಕದ ಮಷೀನಿಗೆ ಕುಂತಾಕಿ. ತನಗ ಗೊತ್ತಿಲ್ಲದ್ದು ಏನೂ ಇಲ್ಲ ಅನ್ನೋ ಗತ್ತು ಬ್ಯಾರೆ. ಶೆಡ್ಡು ಮುಚ್ಚಿದ ಮ್ಯಾಲ ಗಂಡನ ಜೋಡಿ ಹೈದರಾಬಾದಿಗೆ ಹೋದ್ಲು. ಸೂಜಿ ಹಿಡಿಯೋ ಕೈ ನೋಡಿ, ಕಲ್ಲಾದ ಎಲುಬು ಇಟ್ಟಿರೋ ಒಂದು ಆಫೀಸಿನಾಗ ಕೆಲಸ ಕೊಟ್ರು. ಎಲುಬಿಗೆ ಅಂಟಿದ ಕಲ್ಲನ್ನ ಸೂಜಿಲೇ ಬಿಡಿಸೋದು, ಅಷ್ಟ.

ಗೋದಾವರಿ ಕಡೆಯಿಂದ ತಂದ ಒಂದು ತಲಿಬುರುಡಿ ಈಕಿ ಪಾಲಿಗೆ ಬಂತು. ಸೊಪ್ಪು ತಿನ್ನೋ ಪ್ರಾಣಿ ಅಂದಿದ್ರು. ಮ್ಯಾಲಿನ ದವಡಿಯಾಗ ಜೋಳದ ತೆನಿ ಹಂಗ ಸಾಲು ಸಾಲು ಹಲ್ಲು, ನಡುವ ಕಾಲುವಿ. ಕೆಳಗಿನ ದವಡಿ ಅದರಾಗ ಕತ್ರಿ ಹಂಗ ಕುಂದ್ರತದ. ಮೂತಿಗೆ ಮಾತ್ರ ಬಾಗಿದ ಎರಡು ತುಂಡು. ಕುರಿಗೆ ಮ್ಯಾಲ ಮುಂದಿನ ಹಲ್ಲು ಇರಂಗಿಲ್ಲ, ಬರೇ ಗಟ್ಟಿ ವಸಡು. ಹಲ್ಲು ನೋಡಿ ಕುರಿ ವಯಸ್ಸು ಹೇಳೋ ಮನಿತನದಾಕಿ, ಸೊಪ್ಪು ತಿನ್ನೋದಕ್ಕ ಮುಂದ ಹಲ್ಲೆಲ್ಲಿಂದ, ಇದು ಅಂಟಿದ ಕಲ್ಲೇ ಅಂತ ಒಂದರ ತುದಿ ಮುರಿದು ಚೂರಿನ ತೊಟ್ಟಿಗೆ ಒಗದ್ಲು. ಯಾರನ್ನೂ ಒಂದು ಮಾತು ಕೇಳಲಿಲ್ಲ.

ಮುರಿದ ಜಾಗದಾಗ ಎಲುಬಿನ ಸಣ್ಣ ತೂತು ಕಂಡ್ವು. ಕಲ್ಲಲ್ಲ, ಎಲುಬು ಅಂತ ಆಗ ಗೊತ್ತಾತು. ಮುಚ್ಚಿಡಬಹುದಿತ್ತು, ಆದ್ರೂ ಹೋಗಿ ಆಫೀಸಿನ ಮೇಡಮ್ಮಿಗೆ ಹೇಳಿದ್ಲು.

ಮೇಡಂ ಕೂಗಾಡಲಿಲ್ಲ, ಅದು ಇನ್ನೂ ಕಷ್ಟ ಆತಂತ. “ಅದು ಕಲ್ಲಲ್ಲಮ್ಮ, ಕೊಕ್ಕು. ಕುರಿಗೂ ಇದಕ್ಕೂ ಸಂಬಂಧ ಇಲ್ಲ. ಮೊಸಳೆ, ಹಕ್ಕಿ ಇದರ ದೂರದ ದಾಯಾದಿಗಳು. ಮೂತಿ ನೋಡೇ ವಂಶ ಹೇಳಬೇಕು. ತುದಿ ಸಿಗಲಿಲ್ಲ ಅಂದ್ರೆ ನಾಳೆಯಿಂದ ಬರಬೇಡ.”

ಇಂಥಾ ಹೊತ್ತಿನಾಗೂ ಸುಮ್ಮನಿರಬೇಕಲ್ಲ ಈಕಿ. “ಯಾವ ಹುಲ್ಲು ಮೇಯ್ತಿತ್ರಿ ಮೇಡಂ?”

“ಆಗ ಭೂಮಿ ಮೇಲೆ ಹುಲ್ಲೇ ಹುಟ್ಟಿರಲಿಲ್ಲ. ಇಪ್ಪತ್ತಮೂರು ಕೋಟಿ ವರ್ಷದ ಹಿಂದಿನ ಮಾತು.”

ಹುಲ್ಲು ಹುಡುಕ್ಕೊಂಡೇ ಬದುಕಿದ ಮಂದಿ ಆಕಿ ಕಡೆಯೋರು. ಹುಲ್ಲಿಲ್ಲದ ಭೂಮಿ ಅಂದಕೂಡ್ಲೇ ನೆಲಕ್ಕ ಕುಂತುಬಿಟ್ಲಂತ.

ತೊಟ್ಟಿ ತುಂಬ ಒಂದೇ ಬಣ್ಣದ ಚೂರು. ಎಲುಬಾದ್ರ ನಾಲಿಗಿಗೆ ಅಂಟತದ, ಕಲ್ಲು ಅಂಟಂಗಿಲ್ಲ ಅಂತ ಮೇಡಂ ಹೇಳಿಕೊಟ್ರು. ಒಂದೊಂದೇ ಚೂರು ಒರಸಿ ನಾಲಿಗಿಗೆ ಹಚ್ಚಿ ನೋಡಿದ್ಲು. ಮಧ್ಯಾಹ್ನದ ಬುತ್ತಿ ಹಂಗೇ ಉಳೀತು. ಬಾಯೆಲ್ಲ ಮಣ್ಣು. ಆಫೀಸು ಮುಚ್ಚೋ ಹೊತ್ತಿಗೆ ಉಗುರಿನಷ್ಟು ಒಂದು ಚೂರು ನಾಲಿಗಿ ಹಿಡಕೊಂಡು ಬಿಡಲಿಲ್ಲ.

ಬಾಯಿ ಮುಚ್ಚಾಕ ಭಯ, ಮಾತಾಡಾಕ ಭಯ. ಕೈ ಬೀಸಿ ಮೇಡಮ್ಮನ್ನ ಕರದ್ಲು, ಕಣ್ಣಾಗ ನೀರು. ಮೇಡಂ ಚಿಮಟದಿಂದ ಮೆಲ್ಲಗ ಬಿಡಿಸಿ ಬುರುಡಿ ಮೂತಿಗೆ ಹಚ್ಚಿದ್ರು. ಸಂದಿ ಕಾಣದಂಗ ಕುಂತ್ಕೊಂತು. “ನಾಳೆ ಬಾ” ಅಂದ್ರು.

ಹಬ್ಬಕ್ಕ ಊರಿಗೆ ಬಂದಾಗ ನನಗ ಇದನ್ನೆಲ್ಲ ಹೇಳಿದ್ಲು.

“ಮಂಜುಳಾ,” ಅಂದ್ಲು, “ಅದರ ಬಾಯಿ ನನ್ನ ಬಾಯಾಗ ಇತ್ತಲ್ಲೇ.”