ಕೆರೆಗೋಡು ಮತ್ತು ಮಂಗಳದ ಮಣ್ಣು

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆಂದು ಮಕ್ಕಳಿಗೆ ಮಂಗಳ ಗ್ರಹದ ಪಾಠ ಹೇಳಿ ಹೇಳಿ ನನಗೆ ಸಾಕಾಗಿತ್ತು. ಗಾಳಿ ತೆಳು, ಚಳಿ ವಿಪರೀತ, ಮಣ್ಣಿನಲ್ಲಿ ವಿಷದ ಲವಣ. "ಮಿಸ್, ನಾವು ಯಾವಾಗ ಹೋಗ್ಬೋದು?" ಎಂದು ಕೇಳುತ್ತಾರೆ. ಕೆಂಗೇರಿ ಉಪನಗರದ ಶಾಲೆಯಿಂದ ಅನ್ನಪೂರ್ಣೇಶ್ವರಿ ನಗರದ ಮನೆ ಸೇರುವಷ್ಟರಲ್ಲೇ ನನ್ನ ಹೆಣ ಬಿದ್ದುಹೋಗುತ್ತದೆ, ಇನ್ನು ಮಂಗಳಕ್ಕೆಲ್ಲಿ ಹೋಗಲಿ?

ನಮ್ಮ ಮನೆ ನಿಂತಿರುವುದು ಮಾವನವರು ಉಳುತ್ತಿದ್ದ ಹೊಲದಲ್ಲೇ. ಹೊಲ ಸೈಟುಗಳಾದ ಮೇಲೂ ಅವರು ತಮ್ಮ ಅವರೆ ಬೀಜವನ್ನು ಬೂದಿ ಬೆರೆಸಿ ಕಾಪಾಡಿ, ಪಕ್ಕದ ಖಾಲಿ ಸೈಟಿನಲ್ಲಿ ವರ್ಷವರ್ಷವೂ ಬಿತ್ತಿ ಉಳಿಸಿಕೊಂಡಿದ್ದರು. ಕಳೆದ ವರ್ಷ ಅಲ್ಲೂ ಕಟ್ಟಡ ಎದ್ದಿತು. ಉಳಿದದ್ದು ಇಟ್ಟಿಗೆ ಚೂರು, ಸಿಮೆಂಟು ತುಂಬಿದ ನಮ್ಮ ಹಿತ್ತಿಲು. ಈ ಸಲವೂ ಬಿತ್ತದಿದ್ದರೆ ಬೀಜ ಮೊಳೆಯುವುದೇ ಇಲ್ಲ ಎಂಬ ಚಿಂತೆ ಅವರಿಗೆ.

ಬರಡು ನೆಲಕ್ಕೆ ಅವರ ಮನೆತನದ ಮದ್ದು ಒಂದೇ, ಕೆರೆಗೋಡು. ಬತ್ತಿದ ಕೆರೆಯ ತಳದ ಕಪ್ಪು ಮಣ್ಣನ್ನು ಗಾಡಿಗಟ್ಟಲೆ ತಂದು ಹೊಲಕ್ಕೆ ಹರಡುತ್ತಿದ್ದರಂತೆ. ಈ ಸಲ ಟೆಂಪೋದಲ್ಲಿ ತರಿಸಿದರು. ಅದರ ವಾಸನೆಗೆ ನನಗೆ ವಾಕರಿಕೆ ಬಂತು.

"ಮಾವ, ಆ ಕೆರೆಗೆ ಈಗ ಚರಂಡಿ ನೀರು, ಫ್ಯಾಕ್ಟರಿ ನೀರು ಎಲ್ಲಾ ಬರುತ್ತೆ. ಅರ್ಧ ಬೀಜನಾದ್ರೂ ಇಟ್ಕೊಳ್ಳಿ."

"ಹಳೇ ಬೀಜ ಇಟ್ಕೊಂಡು ಏನ್ ಮಾಡ್ಲಮ್ಮ? ಕೆರೆಗೋಡು ಹಾಕಿ ಕೆಟ್ಟೋರು ಯಾರೂ ಇಲ್ಲ."

ಇದ್ದ ಬೀಜವನ್ನೆಲ್ಲ ಬಿತ್ತಿಬಿಟ್ಟರು. ಮೊಳಕೆ ಬಂತು. ಆಮೇಲೆ ಎಲೆಯ ಅಂಚು ಸುಟ್ಟು, ಹಳದಿಯಾಗಿ, ಸಸಿಗಳು ಒಂದೊಂದಾಗಿ ಮಲಗಿದವು. ಬೀಜ ಕಳೆದುಕೊಂಡವರು ನೆಂಟರ ಮನೆಯಿಂದ ಒಂದು ಸೇರು ತಂದು, ಸುಗ್ಗಿಯಲ್ಲಿ ಹಿಂತಿರುಗಿಸುವುದು ಅವರಲ್ಲಿ ರೂಢಿ. ಹಿಂದೆ ತಮ್ಮಿಂದ ಬೀಜ ಒಯ್ದಿದ್ದ ನೆಂಟರಿಗೆಲ್ಲ ಮಾವ ಫೋನು ಮಾಡಿದರು. ಎಲ್ಲರ ಹೊಲದಲ್ಲೂ ಮನೆಗಳೆದ್ದಿದ್ದವು. ಅವರೂ ಅವರೆಕಾಯಿಯನ್ನು ಮಾರ್ಕೆಟ್ಟಿನಿಂದಲೇ ತರುತ್ತಿದ್ದರು.

ಹೇಳಿದ ಮಾತು ಕೇಳಲಿಲ್ಲವೆಂದು ನನಗೆ ಸಿಟ್ಟು ಬರಬೇಕಿತ್ತು. ಸಿಟ್ಟಿಗೂ ಮೈಯಲ್ಲಿ ಶಕ್ತಿ ಬೇಕಲ್ಲ, ಬರೀ ಸಂಕಟವಾಯಿತು. ಸಮಾಧಾನಕ್ಕೆಂದು ಅವರ ಪಕ್ಕ ಕೂತು, ಮಂಗಳದ ಮಣ್ಣೂ ಹೀಗೇ ವಿಷವೆಂದೂ, ಅದನ್ನು ತೊಳೆದು ಬೆಳೆ ತೆಗೆಯಲು ವಿಜ್ಞಾನಿಗಳೇ ಒದ್ದಾಡುತ್ತಿದ್ದಾರೆಂದೂ ಹೇಳಿದೆ.

ಮಾವ ಗಮನವಿಟ್ಟು ಕೇಳಿದರು.

"ಅಲ್ಲಿಗೆ ಬೀಜ ಯಾರ ಮನೆಯಿಂದ ತಗೊಂಡು ಹೋಗ್ತಾರಮ್ಮ?"

"ಗೊತ್ತಿಲ್ಲ ಮಾವ."

"ಹೋದ್ ವರ್ಷ ಬಂದು ಕೇಳಿದ್ದಿದ್ರೆ, ನಮ್ದೇ ಒಂದು ಸೇರು ಕೊಟ್ಟಿರ್ತಿದ್ದೆ" ಎಂದರು.