ಡೆಸಂಕಾ ಹೊಡೆದ ಹಂದಿ

ಮಿತ್ರೋವಿತ್ಸಾ ಪಟ್ಟಣಕ್ಕೆ ಹೋಗುವ ದಾರಿಯುದ್ದಕ್ಕೂ ಡೆಸಂಕಾ ಒಂದೇ ಮಾತು ಕೇಳಿದಳು. ಕಾರು ಓಡಿಸುತ್ತಿದ್ದವಳೂ ಅವಳೇ. ಬೇಟೆ ಮೇಳದ ದಿನ ಅವಳ ಗಂಡ ಸ್ರೇತೆನ್ ಬೆಳಗಿನ ಕಾಫಿಯ ಜೊತೆಗೇ ಪ್ಲಮ್ ಹಣ್ಣಿನ ಸಾರಾಯಿ ಏರಿಸುತ್ತಾನೆ.

"ಇವತ್ತು ಹೇಳ್ತೀಯೋ ಇಲ್ವೋ?"

"ಹೇಳ್ತೀನಿ ಅಂದ್ನಲ್ಲ."

"ಎಲ್ಲರ ಎದುರಿಗೆ?"

"ಎಲ್ಲರ ಎದುರಿಗೆ. ಬೇಕಾದ್ರೆ ಮೈಕಲ್ಲೇ ಹೇಳ್ತೀನಿ. ಈಗ ಸ್ವಲ್ಪ ರಸ್ತೆ ನೋಡ್ಕೊಂಡು ಓಡ್ಸು."

ಹೇಳಬೇಕಾಗಿದ್ದದ್ದು ಮಹಾ ಮಾತೇನಲ್ಲ. ಆ ಕಾಡುಹಂದಿಯನ್ನು ಹೊಡೆದದ್ದು ನಾನಲ್ಲ, ನನ್ನ ಹೆಂಡತಿ. ಅಷ್ಟೇ. ಇಷ್ಟು ಹೇಳಲು ಆ ಮನುಷ್ಯನಿಗೆ ವರ್ಷಗಟ್ಟಲೆ ಬಾಯಿ ಬಂದಿರಲಿಲ್ಲ. ಬೇರೆ ಎಲ್ಲದಕ್ಕೂ ಬಾಯಿತ್ತು. ಬೇಕರಿಯ ವ್ಯಾನು ಓಡಿಸುತ್ತಿದ್ದ ಅವನು ಊರೂರಿಗೆ ಬ್ರೆಡ್ಡಿನ ಜೊತೆ ಮಾತನ್ನೂ ಹಂಚಿಕೊಂಡು ಬರುತ್ತಿದ್ದ. ಕೆಟ್ಟವನಲ್ಲ, ಕೈ ಎತ್ತಿದವನಲ್ಲ, ಯಾರಿಗೂ ಇಲ್ಲ ಎಂದವನಲ್ಲ. ಅಂಥವನ ಮೇಲೆ ಸಿಟ್ಟು ಮಾಡಿಕೊಂಡರೆ ಊರಿನವರು ಸಿಟ್ಟು ಮಾಡಿಕೊಂಡವಳನ್ನೇ ಬೈಯುತ್ತಾರೆ. ಡೆಸಂಕಾಳ ಪಾಡು ಅದಾಗಿತ್ತು.

ಅವಳು ಕಾಡಿನಲ್ಲೇ ಬೆಳೆದವಳು. ಬೋಸುತ್ ನದಿಯ ಪಕ್ಕದ ಓಕ್ ಕಾಡಿನಲ್ಲಿ ಅವಳ ಅಪ್ಪ ಕಾವಲುಗಾರ. ಗಂಡುಮಕ್ಕಳಿಲ್ಲದ ಅಪ್ಪ ಮಗಳ ಹೆಗಲಿಗೇ ಕೋವಿ ಕೊಟ್ಟ, ಸಾಯುವಾಗ ತನ್ನ ರೈಫಲನ್ನೂ ಅವಳಿಗೇ ಬಿಟ್ಟುಹೋದ. ಮದುವೆಯಾದ ಮೇಲೆ ಅವಳು ಶಾಲೆಯ ಬಾಯ್ಲರಿಗೆ ಸೌದೆ ಕಲ್ಲಿದ್ದಲು ಹಾಕುವ ಕೆಲಸ ಹಿಡಿದಳು. ಮಕ್ಕಳು ಬರುವುದಕ್ಕೆ ಮುಂಚೆ ಇಡೀ ಕಟ್ಟಡ ಬೆಚ್ಚಗಾಗಿರಬೇಕು, ಯಾರು ಬೆಚ್ಚಗೆ ಮಾಡಿದರು ಎಂದು ಯಾರೂ ಕೇಳುವುದಿಲ್ಲ. ಅದಕ್ಕೆ ಅವಳ ತಕರಾರೂ ಇರಲಿಲ್ಲ. ಕೆಲಸ ಬೇರೆ, ಬೇಟೆ ಬೇರೆ.

ಊರಿನ ಬೇಟೆ ಸಂಘಕ್ಕೆ ಅವಳು ಅರ್ಜಿ ಹಾಕಿದಾಗ ಗಂಡಸರು ವರ್ಷಪೂರ್ತಿ ನಕ್ಕರು. ಕೊನೆಗೆ ಸೇರಿಸಿಕೊಂಡದ್ದು ಅಧ್ಯಕ್ಷ ಗೊಯ್ಕೋ. ಅವನು ಸ್ರೇತೆನನ ಕೂಮ, ಅಂದರೆ ಮದುವೆಗೆ ಸಾಕ್ಷಿ ನಿಂತವನು. ಆ ಸೀಮೆಯಲ್ಲಿ ಈ ಸಂಬಂಧ ರಕ್ತಸಂಬಂಧಕ್ಕಿಂತ ಒಂದು ತೂಕ ಹೆಚ್ಚು. ಹೆಂಗಸಾಗಲಿ ಗಂಡಸಾಗಲಿ, ಎರಡೂ ಕಡೆಯವರು ಒಬ್ಬರನ್ನೊಬ್ಬರು ಕೂಮ ಎಂದೇ ಕರೆಯುವುದು. ಸೇರಿಸಿಕೊಂಡ ಮೊದಲ ದಿನವೇ ಅವನು, "ಕೂಮಾ, ನೀನು ಬಂದಿದ್ದು ಒಳ್ಳೇದಾಯ್ತು, ನಮ್ಮ ಸಾರು ಯಾವಾಗ್ಲೂ ತಳ ಹಿಡೀತಿತ್ತು," ಅಂದ. ಹೆಗಲಲ್ಲಿ ರೈಫಲ್ ಇದ್ದವಳ ಕೈಗೆ ಸೌಟು ಕೊಟ್ಟ. ಅವಳು ಸೌಟನ್ನೂ ಹಿಡಿದಳು, ರೈಫಲನ್ನೂ ಬಿಡಲಿಲ್ಲ.

ಆ ಹಂದಿಯ ದಿನ ಮಂಜು ಬಿದ್ದಿತ್ತು. ಪ್ರಾಣಿಗಳನ್ನು ಎಬ್ಬಿಸಿ ಅಟ್ಟುವ ಸೋವಿನವರು ಕಾಡಿನ ಆ ತುದಿಯಿಂದ ಕೂಗುತ್ತ ಬರುತ್ತಿದ್ದರು, ಈ ತುದಿಯಲ್ಲಿ ಬೇಟೆಗಾರರು ಸಾಲಾಗಿ ನಿಂತಿದ್ದರು. ಡೆಸಂಕಾಳ ಪಕ್ಕದ ಜಾಗ ಸ್ರೇತೆನನದು. ಹಂದಿ ನುಗ್ಗಿದಾಗ ಅವನ ಜೋಡುನಳಿಗೆ ಕೋವಿ ಮರಕ್ಕೆ ಒರಗಿ ನಿಂತಿತ್ತು. ಅವನು ಉಪ್ಪುಹಾಕಿದ ಹಂದಿಕೊಬ್ಬನ್ನು ಬ್ರೆಡ್ಡಿನ ಮೇಲಿಟ್ಟು ಈರುಳ್ಳಿ ಹೆಚ್ಚುತ್ತಿದ್ದ. ಡೆಸಂಕಾ ಒಂದೇ ಗುಂಡು ಹಾರಿಸಿದಳು. ಹಂದಿ ಸ್ವಲ್ಪ ದೂರ ಓಡಿ, ಹಳ್ಳ ದಾಟಿ, ಸ್ರೇತೆನನ ಕಡೆಗೆ ಬಿತ್ತು.

ತಪ್ಪಾದದ್ದು ಆಮೇಲೆ. ಅವಳು ಅಪ್ಪ ಕಲಿಸಿದಂತೆ ನಿಂತಲ್ಲೇ ನಿಂತು ರೈಫಲಿನಿಂದ ಉಳಿದ ಗುಂಡು ತೆಗೆದು, ಸೋವು ಮುಗಿದ ಕಹಳೆ ಊದಲಿ ಎಂದು ಕಾದಳು. ಕಹಳೆಗೆ ಮುಂಚೆ ಜಾಗ ಬಿಡಬಾರದೆಂಬುದು ನಿಯಮ. ಸ್ರೇತೆನ್ ನಿಯಮಗಿಯಮ ನೋಡದೆ ಓಡಿಹೋಗಿ ಹಂದಿಯ ತಲೆಯ ಬಳಿ ನಿಂತ. ಗೊಯ್ಕೋ ಬಂದ, ಓಕ್ ಮರದ ಸಣ್ಣ ರೆಂಬೆ ಮುರಿದ, ಹಂದಿಯ ರಕ್ತದಲ್ಲಿ ಅದ್ದಿ, ತನ್ನ ಟೋಪಿಯ ಮೇಲಿಟ್ಟು ತಲೆಯ ಬಳಿ ನಿಂತವನಿಗೆ ಚಾಚಿದ. ರೆಂಬೆ ಯಾರ ಕೈಗೆ ಹೋಯಿತೋ ಬೇಟೆ ಅವರದು. ಆಮೇಲೆ ಅದನ್ನು ಯಾರೂ ಬದಲಾಯಿಸುವುದಿಲ್ಲ. ಸ್ರೇತೆನ್ ಕೈ ನೀಡಿದ, ತೆಗೆದುಕೊಂಡ, ಟೋಪಿಗೆ ಸಿಕ್ಕಿಸಿಕೊಂಡ. ಹಳ್ಳದ ಈಚೆಯಿಂದ ಡೆಸಂಕಾ ಎಲ್ಲವನ್ನೂ ಕಣ್ಣಾರೆ ಕಂಡಳು.

"ಯಾಕೆ ತಗೊಂಡೆ?" ಎಂದು ಅವಳು ಸಂಜೆ ಕೇಳಿದಾಗ ಅವನು ನೆಲ ನೋಡಿದ.

"ಕೊಟ್ಟುಬಿಟ್ಟ, ತಗೊಂಡುಬಿಟ್ಟೆ. ಅಷ್ಟು ಜನರ ಮುಂದೆ ಬೇಡ ಅನ್ನೋದು ಹೆಂಗೆ? ನಾಳೆ ಹೇಳ್ತೀನಿ ಬಿಡು."

ಆ ನಾಳೆ ಬರಲೇ ಇಲ್ಲ. ಬಂದದ್ದು ಕತೆ. ಮೊದಲ ವರ್ಷ ಹಂದಿ ಪೊದೆಯಿಂದ ಬಂತು. ಮರುವರ್ಷ ನೇರ ಅವನ ಮೇಲೆ ಎರಗಿತು. ಆಮೇಲೆ ಅವನ ಬೂಟಿಗೆ ಅದರ ಉಸಿರು ತಾಗಿತು. ಡೆಸಂಕಾ ಸಂಘದ ಊಟದ ಮೇಜಿಗೆ ಸಾರು ಬಡಿಸುತ್ತ ಹಲ್ಲು ಕಚ್ಚಿಕೊಂಡು ಕೇಳುತ್ತಿದ್ದಳು. ಮೊದಮೊದಲು ಅವನು ಕತೆ ಹೇಳುವಾಗ ಅವಳ ಮುಖ ನೋಡುತ್ತಿರಲಿಲ್ಲ. ಬರಬರುತ್ತ ನೋಡಿಯೇ ಹೇಳತೊಡಗಿದ. ಅದು ಅವಳ ಮೈ ಉರಿಸಿತು.

ಈ ಸಲ ಗೊಯ್ಕೋ ಆ ಕೋರೆಹಲ್ಲುಗಳನ್ನು ಮೇಳದ ಪ್ರದರ್ಶನಕ್ಕೆ ಕಳಿಸಿದ್ದ. ಅವಕ್ಕೆ ಚಿನ್ನದ ಪದಕ ಬಂದಿದೆ, ಸ್ರೇತೆನನನ್ನು ವೇದಿಕೆಗೆ ಕರೆಯುತ್ತಾರೆ ಎಂದು ಹಿಂದಿನ ದಿನ ಫೋನು ಬಂತು. ಅವತ್ತೇ ಡೆಸಂಕಾ ಖಡಾಖಂಡಿತವಾಗಿ ಹೇಳಿದ್ದಳು: ಅಲ್ಲಿ ಹೇಳದಿದ್ದರೆ ಇನ್ನು ನನ್ನ ಜೊತೆ ಮಾತೇ ಬೇಡ.

ಮೇಳ ನಡೆಯುತ್ತಿದ್ದ ಕ್ರೀಡಾಭವನದ ಒಳಗೆ ಕಾಲಿಡಲು ಜಾಗವಿರಲಿಲ್ಲ. ಒಂದು ಕಡೆ ಗಾಳದ ಕೋಲುಗಳ ಕಾಡು, ಒಂದು ಕಡೆ ದೋಣಿ ಮಾರುವವರು, ನೀರಿನ ತೊಟ್ಟಿಯಲ್ಲಿ ಬೇಸರದಿಂದ ಬಾಯಿ ತೆರೆದು ಮುಚ್ಚುವ ಒಂದು ದೊಡ್ಡ ಬೆಕ್ಕುಮೀನು. ಪ್ರವಾಸದ ಮಳಿಗೆಯಲ್ಲಿ ಕರಡಿಯ ಚಿತ್ರದ ಕೆಳಗೆ ಕೂತ ಹುಡುಗಿಯೊಬ್ಬಳು ಗಂಡಸರಿಗೆಲ್ಲ ಬೆಟ್ಟದ ಬೇಟೆಯ ಜಾಹೀರಾತು ಕಾಗದ ಹಂಚುತ್ತಿದ್ದಳು. ಸ್ರೇತೆನನಿಗೆ ಒಂದು ಕೊಟ್ಟಳು. ಡೆಸಂಕಾಳಿಗೆ ಬಿಸಿನೀರಿನ ಬುಗ್ಗೆಗಳ, ಮೈ ತಿಕ್ಕುವ ವಿಶ್ರಾಂತಿಧಾಮದ ಕಾಗದ ಕೊಟ್ಟು, "ಇದು ನಿಮಗೆ ಅಮ್ಮ, ಅವ್ರು ಕಾಡಿಗೆ ಹೋದಾಗ ಹೊತ್ತು ಹೋಗ್ಬೇಕಲ್ಲ," ಅಂದಳು.

"ನಂಗೆ ಅದನ್ನೂ ಕೊಡಮ್ಮ. ಹೊತ್ತು ನಂದು ನಾನು ನೋಡ್ಕೋತೀನಿ," ಎಂದು ಡೆಸಂಕಾ ಬೇಟೆಯ ಕಾಗದವನ್ನೂ ತೆಗೆದುಕೊಂಡಳು.

ಗೋಡೆಯ ಮೇಲೆ ಸಾಲು ಸಾಲು ಕೊಂಬು, ಕೋರೆ. ನಡುವೆ ಅವಳ ಹಂದಿಯ ಕೋರೆಗಳು, ಓಕ್ ಹಲಗೆಯ ಮೇಲೆ ಹಿತ್ತಾಳೆಯ ಪಟ್ಟಿಯಲ್ಲಿ ಬಿಗಿದು. ಕೆಳಗೆ ಚಿನ್ನದ ಬಣ್ಣದ ಅಕ್ಷರಗಳು: ಬೇಟೆಗಾರ, ಸ್ರೇತೆನ್ ವುಕೊಬ್ರಾಟ್. ಅವಳು ಅದರ ಮುಂದೆ ನಿಂತಳು. ಪಕ್ಕದಲ್ಲಿ ಯಾರೋ ತಮ್ಮ ಗೆಳೆಯನಿಗೆ, "ಇಂಥಾದ್ದನ್ನ ಹೊಡೀಬೇಕಾದ್ರೆ ಗುಂಡಿಗೆ ಬೇಕು ಕಣಯ್ಯಾ," ಅನ್ನುತ್ತಿದ್ದರು. ಅವಳಿಗೆ ಕಣ್ಣು ತುಂಬಿತು, ಅದು ಸಿಟ್ಟಿನ ನೀರು.

ಮಧ್ಯಾಹ್ನ ಸ್ರೇತೆನನನ್ನು ವೇದಿಕೆಗೆ ಕರೆದರು. ಮೈಕು ಹಿಡಿದ ನಿರೂಪಕ ಅವನ ಹೆಗಲ ಮೇಲೆ ಕೈ ಹಾಕಿದ.

"ಹೇಳಿ ಯಜಮಾನ್ರೇ, ಈ ರಾಕ್ಷಸನ್ನ ಹೆಂಗೆ ಮಲಗಿಸಿದ್ರಿ?"

ಸ್ರೇತೆನ್ ಟೋಪಿ ತೆಗೆದ. ಗುಂಪಿನಲ್ಲಿ ಹೆಂಡತಿಯನ್ನು ಹುಡುಕಿದ. "ನಾನಲ್ಲ," ಅಂದ. "ನಮ್ಮನೆಯೋಳು ಹೊಡೆದಿದ್ದು."

ಡೆಸಂಕಾ ತುದಿಗಾಲ ಮೇಲೆ ನಿಂತಳು. ಹೇಳಿಬಿಟ್ಟ. ಇಷ್ಟು ಸುಲಭಕ್ಕೆ ಹೇಳಿಬಿಟ್ಟ. ಒಂದು ಗಳಿಗೆ ಅವಳಿಗೆ ಅವನ ಮೇಲಿದ್ದ ಸಿಟ್ಟೆಲ್ಲ ಇಳಿದೇಹೋಯಿತು.

ಆಗ ಸಭೆಯೇ ಬಿದ್ದು ಬಿದ್ದು ನಕ್ಕಿತು.

"ನೋಡ್ರಪ್ಪಾ, ಗಂಡ ಅಂದ್ರೆ ಹಿಂಗಿರ್ಬೇಕು," ಎಂದ ನಿರೂಪಕ. "ನಾನು ನಮ್ಮನೇಲಿ ಹೊಡೆದ ಸೊಳ್ಳೇನೂ ಬಿಟ್ಟುಕೊಡಲ್ಲ. ಇವ್ರು ಚಿನ್ನದ ಪದಕಾನೇ ಹೆಂಡ್ತಿ ಮಡಿಲಿಗೆ ಹಾಕ್ತಾ ಇದ್ದಾರೆ."

ಚಪ್ಪಾಳೆ ಬಿತ್ತು. ಹೆಂಗಸರೂ ಹೊಡೆದರು, ಅವರೇ ಜೋರಾಗಿ ಹೊಡೆದರು. ಒಬ್ಬಳು ತನ್ನ ಗಂಡನ ಪಕ್ಕೆಗೆ ಮೊಣಕೈಯಲ್ಲಿ ತಿವಿದಳು. ಡೆಸಂಕಾ ಗಂಡನ ತುಟಿಯನ್ನೇ ನೋಡುತ್ತಿದ್ದಳು. ಇನ್ನೊಂದು ಮಾತು ಸಾಕಿತ್ತು. ತಮಾಷೆಯಲ್ಲ, ನಿಜ, ಅಂದರೆ ಮುಗಿಯುತ್ತಿತ್ತು. ಸ್ರೇತೆನ್ ಆ ನಗುವನ್ನು ಕೇಳಿದ, ಅದರ ಬಿಸುಪು ಅವನಿಗೆ ಹಿತವಾಯಿತು, ಅವನೂ ನಕ್ಕ.

"ಏನ್ಮಾಡ್ಲಿ," ಎಂದು ಹೆಗಲು ಕುಣಿಸಿದ. "ರಾತ್ರಿ ಮನೆಗೆ ಹೋಗ್ಬೇಕಲ್ಲ."

ಕೊಟ್ಟದ್ದನ್ನು ಕೊಟ್ಟ ಕೈಯಲ್ಲೇ ಕಸಿದುಕೊಂಡ ಹಾಗಾಯಿತು. ಡೆಸಂಕಾ ಜನರನ್ನು ತಳ್ಳಿಕೊಂಡು ವೇದಿಕೆ ಹತ್ತಿ ಮೈಕು ಕಿತ್ತುಕೊಂಡಳು.

"ನಗೋದು ಸಾಕು. ಹೊಡೆದಿದ್ದು ನಾನೇ. ಇವನ ಕೋವಿ ಮರಕ್ಕೆ ಒರಗಿತ್ತು, ಇವನು ಈರುಳ್ಳಿ ಹೆಚ್ತಾ ಇದ್ದ."

ನಗು ಇಮ್ಮಡಿಯಾಯಿತು. "ಈರುಳ್ಳಿಗೇ ಹಂದಿ ಕಣ್ಣೀರು ಹಾಕಿ ಸತ್ತುಹೋಯ್ತು ಬಿಡಮ್ಮ," ಎಂದು ಹಿಂದಿನಿಂದ ಯಾರೋ ಕೂಗಿದರು.

"ಗೊಯ್ಕೋನ ಕೇಳಿ. ಚರ್ಮ ಸುಲಿದೋನು ಅವನೇ."

ಮುಂದಿನ ಸಾಲಿನಲ್ಲಿ ಕೂತಿದ್ದ ಗೊಯ್ಕೋ ಎದ್ದುನಿಂತ, ಎದೆಯ ಮೇಲೆ ಕೈಯಿಟ್ಟ. "ನಮ್ಮ ಕೂಮಾ ಹೇಳಿದ್ಮೇಲೆ ಮುಗೀತು. ಇಲ್ಲ ಅನ್ನೋ ಧೈರ್ಯ ನಂಗಿಲ್ಲ," ಎಂದು ಸಭೆಯ ಕಡೆ ಕಣ್ಣು ಮಿಟುಕಿಸಿದ. ನಿರೂಪಕ ಮೈಕು ಹಿಂದಕ್ಕೆ ತೆಗೆದುಕೊಂಡು ಡೆಸಂಕಾಳ ಕೈಗೆ ಒಂದು ಕಾರ್ನೇಷನ್ ಹೂ ಕೊಟ್ಟ. ಪದಕ ಸ್ರೇತೆನನ ಕೊರಳಿಗೆ ಬಿತ್ತು.

ವೇದಿಕೆಯ ಹಿಂದೆ ಅವಳು ಗೊಯ್ಕೋನನ್ನು ಅಡ್ಡಹಾಕಿದಳು. ಯಾವಾಗಲೂ ಕೂಮ ಅನ್ನುವವಳು ಈ ಸಲ ಹೆಸರು ಹಿಡಿದೇ ಕರೆದಳು.

"ಗೊಯ್ಕೋ, ನನ್ನ ಮುಖ ನೋಡಿ ಹೇಳು. ಸುಲಿದಾಗ ಎಂಥಾ ತೂತು ಇತ್ತು?"

ಗೊಯ್ಕೋ ಆಚೀಚೆ ನೋಡಿದ. ಯಾರೂ ಇರಲಿಲ್ಲ. ಅವನಿಗೂ ನಗು ನಟಿಸಿ ಸುಸ್ತಾಗಿತ್ತು.

"ಸಣ್ಣದು. ರೈಫಲ್‌ದು."

"ಅವನದು ಜೋಡುನಳಿಗೆ. ಅದ್ರಲ್ಲಿ ಹೊಡೆದ್ರೆ ದೊಡ್ಡ ತೂತು."

"ಗೊತ್ತು."

"ಅವತ್ತೇ ಗೊತ್ತಾಯ್ತಾ?"

"ಅವತ್ತೇ. ಸುಲಿಯೋಕೆ ಕೂತಿದ್ದ ಎಲ್ಲರಿಗೂ ಗೊತ್ತಾಯ್ತು. ಅಷ್ಟೊತ್ತಿಗೆ ರೆಂಬೆ ಅವನ ಟೋಪಿ ಸೇರಿತ್ತಲ್ಲಮ್ಮ. ಕಿತ್ಕೊಳ್ಳಕ್ಕಾಗತ್ತಾ? ಹೆಂಡ್ತಿ ಮುಂದೆ ಗಂಡಸಿನ ಮಾನ ಕಳೀಬೇಕಿತ್ತಾ?"

"ಇಷ್ಟು ವರ್ಷ ಅವನ ಕತೆ ಕೇಳ್ಕೊಂಡು ಕೂತಿದ್ರಲ್ಲ, ನಾನು ಬಡಿಸಿದ ಸಾರು ಕುಡ್ಕೊಂಡು."

"ಯಾಕೆ ಇಷ್ಟು ದೊಡ್ಡದು ಮಾಡ್ತೀಯ?" ಅಂದ ಗೊಯ್ಕೋ, ನಿಜವಾಗಿಯೂ ಅರ್ಥವಾಗದವನಂತೆ. "ನೀನು ಹೊಡೆದ್ರೇನು, ಅವನು ಹೊಡೆದ್ರೇನು. ಒಂದೇ ಮನೆ ತಾನೆ."

ಗಂಡ ಒಬ್ಬನ ಸುಳ್ಳು ಅಂದುಕೊಂಡು ಅವಳು ಇಷ್ಟು ವರ್ಷ ಉರಿದಿದ್ದಳು, ಆ ಮೇಜಿನ ಸುತ್ತ ಕೂತವರೆಲ್ಲ ಗೊತ್ತಿದ್ದೂ ಅವಳ ಕೈಯಿಂದ ಬಟ್ಟಲು ತೆಗೆದುಕೊಂಡಿದ್ದರು. ಸೀದಾ ಪ್ರದರ್ಶನದ ಗೋಡೆಗೆ ಹೋದಳು. ಹೂವನ್ನು ಪಕ್ಕದ ಜಿಂಕೆಯ ಕೊಂಬಿಗೆ ಸಿಕ್ಕಿಸಿ ಕೈ ಖಾಲಿ ಮಾಡಿಕೊಂಡಳು. ಚೀಲದಿಂದ ಒಂದು ದಿನಾರ್ ನಾಣ್ಯ ತೆಗೆದು ಹಿತ್ತಾಳೆ ಪಟ್ಟಿಯ ಸ್ಕ್ರೂ ತಿರುಗಿಸತೊಡಗಿದಳು. ಮುಗಿಯುವ ಹೊತ್ತಿಗೆ ಕಾವಲಿನವನು ಓಡಿಬಂದ, ಅವನ ಹಿಂದೆ ಗೊಯ್ಕೋ, ಕೊರಳಲ್ಲಿ ಪದಕ ತೂಗಾಡಿಸಿಕೊಂಡು ಸ್ರೇತೆನ್.

"ಅಮ್ಮ, ಮುಟ್ಟಬಾರ್ದು ಅದು. ಸ್ರೇತೆನ್ ವುಕೊಬ್ರಾಟ್ ಅವರದು," ಎಂದ ಕಾವಲಿನವನು.

"ನಾನು ಅವನ ಹೆಂಡ್ತಿ. ಒಂದೇ ಮನೆ ತಾನೆ," ಎಂದಳು ಡೆಸಂಕಾ. "ಕೇಳು ಬೇಕಾದ್ರೆ, ಅಧ್ಯಕ್ಷರು ಇಲ್ಲೇ ಇದ್ದಾರೆ."

ಕಾವಲಿನವನು ಗೊಯ್ಕೋನ ಮುಖ ನೋಡಿದ. ಗೊಯ್ಕೋ ಬಾಯಿ ತೆರೆದು ಮುಚ್ಚಿಕೊಂಡ. ಅವಳು ಕೋರೆಗಳನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು. ಸ್ರೇತೆನ್ ಖಾಲಿ ಹಲಗೆಯನ್ನು ನೋಡಿ ಪಿಸುಗುಟ್ಟಿದ:

"ಹಲಗೆ ಬಿಟ್ಟು ಹೋಗ್ತೀಯಾ? ಜನ ಏನಂತಾರೆ?"

"ಹಲಗೆ ಮೇಲೆ ನಿನ್ನ ಹೆಸರಿದೆ," ಎಂದಳು ಅವಳು. "ಅದು ನಿಂದು. ಇರ್ಲಿ."

ಕಾರಿನ ಕೀಲಿ ಅವಳ ಬಳಿಯೇ ಇತ್ತು. ಅವಳು ಒಬ್ಬಳೇ ಹೋದಳು. ಮೇಳ ಇನ್ನೆರಡು ದಿನ ನಡೆಯಿತು. ಆ ಹಲಗೆಯನ್ನು ಇಳಿಸುವ ಮನಸ್ಸು ಯಾರೂ ಮಾಡಲಿಲ್ಲ, ಬಂದವರೆಲ್ಲ ಅದರ ಮುಂದೆ ನಿಂತು, ಸ್ರೇತೆನ್ ವುಕೊಬ್ರಾಟ್ ಹೊಡೆದದ್ದು ಏನೆಂದು ಗೋಡೆಯ ಮೇಲೆ ಹುಡುಕಿದರು.