ನಮ್ಮ ವಾಡೆಯ ಒನ್ಸ್ ಮೋರ್

ಕುಂದಗೋಳದಲ್ಲಿ ನನ್ನದೊಂದು ಬೀಜ-ಗೊಬ್ಬರದ ಅಂಗಡಿ ಇದೆ. ವಾರವಿಡೀ ಅಲ್ಲಿ ಕೂತು ಹತ್ತಿ ಬೀಜ, ಯೂರಿಯಾ ಮಾರುತ್ತೇನೆ. ಭಾನುವಾರ ಬಂತೆಂದರೆ ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಕಲಾರಸಿಕನಾಗುತ್ತೇನೆ. ಜುಬ್ಬಾಕ್ಕೂ ಗೊಬ್ಬರದ ವಾಸನೆ ಹೊಡೆಯುತ್ತದೆ ಎಂದು ಹೆಂಡತಿ ಹೇಳುತ್ತಾಳೆ, ಅದು ಬೇರೆ ಮಾತು. ಈ ವೇಷಕ್ಕೆಲ್ಲ ಕಾರಣ ಹಳ್ಳಿಯಲ್ಲಿರುವ ನಮ್ಮ ವಾಡೆ, ಹಿರಿಯರ ಕಾಲದ ದೊಡ್ಡ ಮನೆ. ವಾಡೆಯ ಒಳಗೇ ಮುತ್ತಜ್ಜ ಕಟ್ಟಿಸಿದ ನಾಟಕದ ಥೇಟರಿದೆ. ಬೇರೆಯವರ ಮನೆಯಲ್ಲಿ ದನ ಕಟ್ಟುವಷ್ಟು ಜಾಗದಲ್ಲಿ ನಮ್ಮ ಮನೆಯಲ್ಲಿ ರಂಗಮಂಚವಿದೆ. ಹೀಗಿರುವಾಗ ಸ್ವಲ್ಪ ಸೊಕ್ಕು ಬಾರದೆ ಇರುತ್ತದೆಯೇ?

ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಜನ ಆಗಾಗ ನೋಡಲು ಬರುತ್ತಾರೆ. ಬಂದವರಿಗೆ ಮೊದಲು ಚಹಾ, ಆಮೇಲೆ ನನ್ನ ಭಾಷಣ. ಚಹಾ ಕುಡಿದವರು ಭಾಷಣ ತಪ್ಪಿಸಿಕೊಂಡು ಹೋಗುವ ಹಾಗಿಲ್ಲ, ಯಾಕೆಂದರೆ ಚಪ್ಪಲಿ ಬಿಟ್ಟ ಬಾಗಿಲು ಥೇಟರಿನ ಆಚೆ ಬದಿಗಿದೆ.

ಭಾಷಣ ಹೀಗೆ ಸುರುವಾಗುತ್ತದೆ. ಮುತ್ತಜ್ಜ ಸಾಂಗಲಿ, ಮಿರಜಕ್ಕೆ ಹತ್ತಿ ಮಾರಲು ಹೋದವರು ಅಲ್ಲಿ ಸಂಗೀತ ನಾಟಕ ನೋಡಿ ಹುಚ್ಚರಾಗಿ ಬಂದರು. ಊರಿಗೆ ಬಂದು ಸಾಗವಾನಿ ಕಂಬ ತರಿಸಿದರು, ರಂಗ ಎತ್ತರಿಸಿದರು, ಸುತ್ತಿಕೊಂಡು ಮೇಲೇರುವ ಪರದೆಗಳ ಮೇಲೆ ಅರಮನೆ, ಕಾಡು, ಹೂದೋಟ ಬರೆಸಿದರು. ಸುಗ್ಗಿ ಮುಗಿದ ಮೇಲೆ ನಾಟಕ ಕಂಪನಿಗಳು ಬಂದು ವಾಡೆಯಲ್ಲಿ ಇಳಿಯುತ್ತಿದ್ದವು. ಊರ ಜನಕ್ಕೆ ಕೆಳಗೆ ನವಲಗುಂದದ ಜಮಖಾನೆ. ಮನೆಯ ಹೆಂಗಸರಿಗೆ ಮೇಲೆ ಮಾಳಿಗೆ, ಅದಕ್ಕೆ ಕಟ್ಟಿಗೆಯ ಜಾಲರಿ. ಅವರು ಎಲ್ಲರನ್ನೂ ನೋಡಬಹುದು, ಅವರನ್ನು ಯಾರೂ ನೋಡುವಂತಿಲ್ಲ. ಆ ಜಾಲರಿಯ ಕೆಳಗೆ, ಎಲ್ಲರಿಗಿಂತ ಮುಂದೆ, ಯಜಮಾನರ ಕುರ್ಚಿ.

ಕುರ್ಚಿಯ ಹತ್ತಿರ ಬಂದಾಗ ನಾನು ದನಿ ತಗ್ಗಿಸುತ್ತೇನೆ. ಬೇರೆ ಕಡೆ ಹಾಡು ಚೆನ್ನಾಗಿದ್ದರೆ ಯಾರು ಬೇಕಾದರೂ ‘ಒನ್ಸ್ ಮೋರ್’ ಎಂದು ಕೂಗಬಹುದಿತ್ತು. ನಮ್ಮ ಥೇಟರಿನಲ್ಲಿ ಆ ಹಕ್ಕು ವಾಡೆಯ ಯಜಮಾನನದು ಮಾತ್ರ. ಮೊದಲು ಮುತ್ತಜ್ಜ, ಆಮೇಲೆ ಅಜ್ಜ. ಹಾಡು ಮುಗಿದರೆ ಜನವೆಲ್ಲ ಕುರ್ಚಿಯ ಕಡೆ ನೋಡುತ್ತಿದ್ದರು. ಅಲ್ಲಿಂದ ‘ಒನ್ಸ್ ಮೋರ್’ ಬಂದರೆ ನಟ ಮರಳಿ ಹಾಡಲೇಬೇಕು, ಬಾರದಿದ್ದರೆ ಮುಂದಿನ ದೃಶ್ಯ. ನಮ್ಮ ಯಜಮಾನರು ಒಂದು ಸಲವೂ ತಪ್ಪು ಹಾಡಿಗೆ ಕೂಗಲಿಲ್ಲವೆಂದು ಕಂಪನಿಯವರು ಊರೂರಿಗೆ ಹೇಳುತ್ತಿದ್ದರಂತೆ. ‘ಅಂಥಾ ಕಿವಿ ನಮ್ಮ ಮನೆತನದ್ದು’ ಎಂದು ನನ್ನ ಕಿವಿಯನ್ನೇ ಮುಟ್ಟಿ ತೋರಿಸುತ್ತೇನೆ.

ಕೊನೆಗೆ ತೂತು. ಕುರ್ಚಿಯ ನೇರಕ್ಕೆ ಮೇಲೆ, ಮಾಳಿಗೆಯ ಹಲಗೆಯಲ್ಲಿ ಒಂದು ಸಣ್ಣ ತೂತಿದೆ, ಅದಕ್ಕೆ ಹಿತ್ತಾಳೆಯ ಬಳೆ ಕೂರಿಸಿದ್ದಾರೆ. ಮುತ್ತಜ್ಜನಿಗೆ ಧ್ವನಿಶಾಸ್ತ್ರ ಗೊತ್ತಿತ್ತು, ದನಿ ಗುಂಯ್‌ಗುಡದ ಹಾಗೆ ಅದನ್ನು ಇಡಿಸಿದ್ದಾರೆ ಎಂದು ನಾನು ವಿವರಿಸುತ್ತಿದ್ದೆ. ಇದು ನನಗೆ ಯಾರೂ ಹೇಳಿದ್ದಲ್ಲ. ತೂತು ಯಾಕಿದೆ ಎಂದು ಒಮ್ಮೆ ಯಾರೋ ಕೇಳಿದರು, ಗೊತ್ತಿಲ್ಲ ಎನ್ನಲು ನಾಲಿಗೆ ಬರಲಿಲ್ಲ, ಧ್ವನಿಶಾಸ್ತ್ರ ಬಂತು.

ಹೋದ ವರ್ಷ ಒಬ್ಬ ಪ್ರೊಫೆಸರರು ಆ ತೂತಿನ ಫೋಟೊ ತೆಗೆದುಕೊಂಡರು. ‘ಏನ್ ದೂರದೃಷ್ಟಿ ನೋಡ್ರಿ ಹಿರ್ಯಾರದು’ ಎಂದು ತಲೆದೂಗಿ ಹೋದರು. ಅವರ ಕಾರು ಊರ ಅಗಸಿ ಬಾಗಿಲು ದಾಟುವವರೆಗೆ ಕಟ್ಟೆಯ ಮೇಲೆ ಬಾಯಿಗೆ ಸೆರಗು ಹಿಡಿದುಕೊಂಡು ಕೂತಿದ್ದ ನಮ್ಮ ಅತ್ತಿ ಆಮೇಲೆ ನಕ್ಕಳು. ನಕ್ಕೂ ನಕ್ಕೂ ಕೆಮ್ಮು ಹತ್ತಿತು.

ಅತ್ತಿ ಅಂದರೆ ನಮ್ಮಪ್ಪನ ಅಕ್ಕ. ಅಣ್ಣಿಗೇರಿಗೆ ಕೊಟ್ಟಿದ್ದರು. ಮಾಮಾ ತೀರಿಕೊಂಡ ಮೇಲೆ ತವರಿಗೆ ಬಂದವಳು ನಮ್ಮ ಜೊತೆಗೇ ಇದ್ದಾಳೆ. ನನ್ನನ್ನು ಎತ್ತಿ ಆಡಿಸಿದವಳು, ಆದ್ದರಿಂದ ಬೈಯುವ ಅಧಿಕಾರ ಪೂರ್ತಿ ಅವಳದು.

‘ಏನಾತು ಅತ್ತಿ?’

‘ಧ್ವನಿಶಾಸ್ತ್ರ ಅಂತ! ಲೇ ಮಬ್ಬ, ಅದು ದಾರದ ತೂತು.’

‘ಯಾವ ದಾರ?’

‘ನಿಮ್ಮಜ್ಜನ ಕಾಲಿನ ಹೆಬ್ಬೆರಳಿಗೆ ಕಟ್ಟೂ ದಾರ.’

ಅವಳು ಒಳಗೆ ಬಂದು ತೂತು ತೋರಿಸಿ ಹೇಳಿದ್ದನ್ನು ಕೇಳಿ ನಾನು ಅದೇ ಕುರ್ಚಿಯ ಮೇಲೆ ಕೂತುಬಿಟ್ಟೆ. ಮುತ್ತಜ್ಜನಿಗೆ ನಾಟಕದ ಹುಚ್ಚಿತ್ತು, ಕಿವಿ ಇರಲಿಲ್ಲ. ಪರದೆಯ ಹೂದೋಟ ನೋಡಿ ಮರುಳಾದವನು ಅವನು. ಸುರ ಯಾವುದು, ಅಪಸುರ ಯಾವುದು ದೇವರಾಣೆ ತಿಳಿಯುತ್ತಿರಲಿಲ್ಲ. ಥೇಟರು ಕಟ್ಟಿಸಿದ ಮೇಲಿನ ಮೊದಲ ನಾಟಕದಲ್ಲಿ ಎಲ್ಲರೂ ಮುಖ ಕಿವುಚಿದ ಹಾಡಿಗೇ ಒನ್ಸ್ ಮೋರ್ ಕೂಗಿಬಿಟ್ಟನಂತೆ. ಮೇಲೆ ಕೂತಿದ್ದ ಮುತ್ತಜ್ಜಿಗೆ ಮಾನ ಹೋದಂತಾಯಿತು. ಮರುದಿನವೇ ಬಡಿಗೇರನನ್ನು ಕರೆಸಿ ತೂತು ಕೊರೆಸಿದಳು. ಮೇಲಿಂದ ಕರಿ ದಾರ ಇಳಿಬಿಟ್ಟು, ಕುರ್ಚಿಯ ಹಿಂದಿನಿಂದ ತಂದು, ಕಾಲ ಮೇಲೆ ಹೊದ್ದ ಶಾಲಿನ ಕೆಳಗೆ ಅವನ ಕಾಲಿನ ಹೆಬ್ಬೆರಳಿಗೆ ಕಟ್ಟಿದಳು. ಮೆಲ್ಲಗೆ ಎಳೆದರೆ ‘ವಾಹ್’ ಅನ್ನಬೇಕು. ಜಗ್ಗಿ ಎಳೆದರೆ ‘ಒನ್ಸ್ ಮೋರ್’. ಅಜ್ಜನ ಕಾಲಕ್ಕೆ ಕಿವಿಯೂ ವಂಶದಿಂದ ಬಂತು, ದಾರವೂ ಬಂತು. ಆಗ ಮೇಲೆ ಕೂತು ಎಳೆಯುತ್ತಿದ್ದವಳು ಇವಳು, ಲಂಗ ತೊಡುವ ಹುಡುಗಿ.

‘ಒಂದ್ ಸಲ ಬೆಕ್ಕು ಹಿಡದು ಜಗ್ಗಿತು. ಅಲ್ಲಿ ಹಾಡೂ ಇಲ್ಲ ಗೀಡೂ ಇಲ್ಲ, ತಬಲಾದಾಂವ ಕುಟ್ಟಿ ಕುಟ್ಟಿ ಸುರ ಹೊಂದಿಸಾಕತ್ತಿದ್ದ. ನಮ್ಮಪ್ಪ, ಅಂದ್ರ ನಿಮ್ಮಜ್ಜ, ಒನ್ಸ್ ಮೋರ್ ಅಂದ!’

‘ಆಮ್ಯಾಲ?’

‘ಆಮ್ಯಾಲೇನು, ಅಂವ ಎದ್ದು ನಿಂತು ಕೈ ಮುಗದು ಮತ್ತ ಕುಟ್ಟಿದ. ಗೌಡ್ರಿಗೆ ಸುರದ ಒಳಗುಟ್ಟು ಗೊತ್ತೈತಿ ಅಂತ ಊರೆಲ್ಲಾ ಹೊಗಳಿತು.’

ನನಗೂ ನಗು ಬಂತು, ಆದರೆ ಪೂರ್ತಿ ಬರಲಿಲ್ಲ. ‘ಒಮ್ಮೆಯಾದ್ರೂ ಅಜ್ಜ ತಾನಾಗೇ ಅಂದಿರಬೇಕಲಾ?’ ಎಂದೆ.

‘ಒಮ್ಮೆನೂ ಇಲ್ಲ. ನಾ ಒಂದಿನ ಬೇಕಂತನ ಎಳೀಲಿಲ್ಲ, ನೋಡೂಣು ಅಂತ. ಅಂಥಾ ಹಾಡು, ಜನಾ ಎಲ್ಲಾ ಕಣ್ಣೀರು. ಅಪ್ಪ ಹೆಬ್ಬೆರಳು ಅಳ್ಳಾಡಿಸಿಕೋಂತ ಕುಂತಿದ್ದ, ದಾರ ಹರದೈತೇನು ಅಂತ.’

ನನ್ನ ವಿಷಯಕ್ಕೆ ಬಂದರೆ, ನಾನು ಅಪ್ಪಟ ಅದೇ ವಂಶ. ಸಣ್ಣವನಿದ್ದಾಗ ಹಾಡು ಕಲಿಯಲೆಂದು ಕುಂದಗೋಳದ ಒಬ್ಬ ಮಾಸ್ತರರ ಹತ್ತಿರ ಬಿಟ್ಟಿದ್ದರು. ಅವರು ನಾಲ್ಕು ದಿನ ನೋಡಿ ನನ್ನ ಕೈ ಹಿಡಿದುಕೊಂಡು ವಾಪಸು ಕರೆತಂದುಬಿಟ್ಟರು. ‘ಹುಡುಗನ ಕಿವಿ ಅಗದಿ ಛಲೋ ಅದಾವ್ರಿ’ ಎಂದರು ಅಪ್ಪನಿಗೆ. ಅಪ್ಪ ಹಿಗ್ಗಿದ. ಮಾಸ್ತರರು ಮುಂದುವರಿಸಿದರು, ‘ಮುಂದ ಚಾಳೀಸು ಹಾಕ್ಕೊಳ್ಳಾಕ ಉಪಯೋಗಕ್ಕ ಬರ್ತಾವ್ರಿ.’ ಅವರ ಮಾತು ಸುಳ್ಳಾಗಲಿಲ್ಲ, ಈಗ ನನ್ನ ಕನ್ನಡಕ ಆ ಕಿವಿಗಳ ಮೇಲೇ ಕೂತಿದೆ.

ಅದೇ ಸಂಜೆ ಅತ್ತಿ ಇನ್ನೊಂದು ಮಾತು ಆಡಿದಳು. ಅವಳ ಗಂಟಲಲ್ಲಿ ಗಂಟಾಗಿತ್ತು. ಹುಬ್ಬಳ್ಳಿಯಲ್ಲಿ ತೋರಿಸಿ, ಆಪರೇಷನ್ ಮಾಡಿಸುವುದೆಂದು ನಿಶ್ಚಯವಾಗಿತ್ತು. ಜೀವಕ್ಕೇನೂ ಭಯವಿಲ್ಲ, ಆದರೆ ದನಿ ಮೊದಲಿನ ಹಾಗೆ ಇರುತ್ತದೋ ಇಲ್ಲವೋ ಹೇಳಲಾಗುವುದಿಲ್ಲ ಎಂದಿದ್ದರು ಡಾಕ್ಟರು.

‘ದವಾಖಾನಿಗೆ ಹೋಗೂಕಿಂತ ಮದ್ಲ ಒಮ್ಮೆ ಹಾಡಬೇಕೋ ತಮ್ಮಾ. ಆ ರಂಗದ ಮ್ಯಾಲ.’

ಅತ್ತಿ ಹಾಡುತ್ತಾಳೆಂದು ನನಗೆ ಗೊತ್ತಿತ್ತು. ಅಕ್ಕಿ ಆರಿಸುವಾಗ, ಬತ್ತಿ ಹೊಸೆಯುವಾಗ ಗುನುಗುವುದನ್ನು ಕೇಳಿದ್ದೆ. ಜಾಲರಿಯ ಹಿಂದೆ ಕೂತು ಕಂಪನಿಯ ಹಾಡುಗಳನ್ನೆಲ್ಲ ಅವಳು ಬಾಯಿಪಾಠ ಮಾಡಿದ್ದಳು. ಆದರೆ ವಾಡೆಯ ಹೆಣ್ಣುಮಗಳು ಆ ರಂಗ ಹತ್ತುವ ಮಾತೇ ಇರಲಿಲ್ಲ. ‘ಗಡ್ಡ ಹೆರಕೊಂಡಾಂವ ಸೀರಿ ಉಟ್ಕೊಂಡು ರಾಣಿ ಆಗಾಂವ. ಅಂವಗ ಎಷ್ಟು ಸಲ ಒನ್ಸ್ ಮೋರ್ ಕೊಡಿಸೀನಿ ನಾ! ಅಂವನಕಿಂತ ಛಲೋ ಹಾಡ್ತಿದ್ದೆ ಅಂತ ನನಗ ಅನಸ್ತಿತ್ತು. ಖರೇನೋ ಸುಳ್ಳೋ, ಹೇಳಾವ್ರು ಯಾರು?’

ನನಗೆ ಹುಮ್ಮಸ್ಸು ಬಂತು. ‘ಹಾಡು ಅತ್ತಿ. ನಾ ಕುರ್ಚಿಮ್ಯಾಲ ಕುಂಡರ್ತೀನಿ. ನಿನಗ ಒನ್ಸ್ ಮೋರ್ ಗ್ಯಾರಂಟಿ.’

ಅವಳ ಮುಖ ಒಮ್ಮೆಲೇ ಬಿಗಿಯಾಯಿತು. ‘ಕರುಣಾ ತೋರಿಸಿ ಅಂದ್ರ ಕೆಳಗಿಳದ ಬಂದು ಹೊಡೀತೀನಿ ನೋಡು. ಖರೇನ ಅನಸಿದ್ರ ಅನ್ನು. ಇಲ್ಲಾಂದ್ರ ಬಾಯಿ ಮುಚ್ಚಿಕೊಂಡು ಕುಂಡ್ರು.’

ಅಲ್ಲಿಗೆ ನನ್ನ ನಿದ್ದೆ ಹೋಯಿತು. ಬಾಯಿ ಮುಚ್ಚಿಕೊಂಡು ಕೂತರೆ, ಬದುಕಿಡೀ ಕಾದದ್ದು ಅವಳಿಗೆ ಸಿಗದೇ ಹೋಗುತ್ತದೆ. ಸುಮ್ಮನೆ ಕೂಗಿದರೆ ಅವಳಿಗೆ ಗೊತ್ತಾಗುತ್ತದೆ, ಅವಳ ಕಿವಿಗೆ ಮೋಸ ಮಾಡುವವರು ಈ ಜಿಲ್ಲೆಯಲ್ಲಿಲ್ಲ. ಇನ್ನು ಖರೇ ಅನ್ನಿಸುವುದು ಹೇಗೆ? ಅಂಗಡಿಯಲ್ಲಿ ಮೊಬೈಲಿಗೆ ಇಯರ್‌ಫೋನು ಸಿಗಿಸಿಕೊಂಡು ಹಳೇ ನಾಟಕದ ಹಾಡು ಕೇಳಲು ಸುರು ಮಾಡಿದೆ. ಕಣ್ಣು ಮುಚ್ಚಿ ತಲೆದೂಗಿದೆ. ಗಿರಾಕಿಯೊಬ್ಬ ಬಂದವನು ‘ಯಾಕ್ರಿ ಸಾವ್ಕಾರ, ಕುತಿಗಿ ಹಿಡದೈತೇನು?’ ಎಂದು ಕೇಳಿದ.

ಥೇಟರು ತೆರವು ಮಾಡುವುದೇ ಒಂದು ಕೆಲಸವಾಯಿತು. ನಾಟಕ ನಿಂತ ಮೇಲೆ ಅದರಲ್ಲಿ ನಾವು ಮೊದಲು ಹತ್ತಿ, ಆಮೇಲೆ ಒಣಮೆಣಸಿನಕಾಯಿ ತುಂಬುತ್ತ ಬಂದಿದ್ದೆವು. ಭಾಷಣದಲ್ಲಿ ಈ ಭಾಗ ಇರುವುದಿಲ್ಲ. ಬಂದವರು ಸೀನಿದರೆ ಹಳೇ ಪರದೆಯ ಧೂಳು ಎನ್ನುತ್ತಿದ್ದೆ. ಚೀಲಗಳನ್ನು ಹೊರಗೆ ಹಾಕಿಸಿ, ಗುಡಿಸಿ, ನೀರು ಹೊಡೆಸಿದರೂ ಘಾಟು ಹೋಗಲಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಹೆಂಡತಿ ಮಠದಲ್ಲಿ ಭಜನೆ ಹೇಳುತ್ತಾಳೆ, ಅವಳಿಗೆ ಕಿವಿ ಇದೆ. ಪೇಟೆಯಿಂದ ಗಟ್ಟಿ ಕರಿ ದಾರದ ಉಂಡೆ ತಂದು ಅವಳ ಕೈಗಿಟ್ಟೆ.

‘ಏನಿದು?’

‘ನೀ ಮ್ಯಾಲ ಜಾಲರಿ ಹಿಂದ ಕುಂಡ್ರು. ಛಲೋ ಅನಸಿತಂದ್ರ ಜಗ್ಗು. ಅತ್ತಿಗೆ ಗೊತ್ತಾಗೂದಿಲ್ಲ.’

ಅವಳು ಉಂಡೆಯನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. ‘ಈ ಮನಿ ಹೆಂಗಸ್ರು ಜಾಲರಿ ಹಿಂದ ಕುಂತಿದ್ದು ಸಾಕ್ರಿ. ನಾ ಈ ಸಲ ಮುಂದ ಜಮಖಾನಿ ಮ್ಯಾಲ ಕುಂಡ್ರಾಕಿ. ನಿಮ್ಮ ಹೆಬ್ಬೆರಳು ನೀವ ನೋಡ್ಕೋರಿ.’ ಆ ದಾರ ಕಡೆಗೆ ದಿಂಬು ಹೊಲಿಯಲು ಹೋಯಿತು.

ಆಪರೇಷನ್ನಿನ ಹಿಂದಿನ ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ, ಆಜುಬಾಜೂದವರು ಬಂದು ಜಮಖಾನೆಯ ಮೇಲೆ ಕೂತರು. ಕುಂದಗೋಳದಿಂದ ಹಾರ್ಮೋನಿಯಂ ಮಾಸ್ತರರೊಬ್ಬರು ತಬಲಾದವನನ್ನು ಕರೆದುಕೊಂಡು ಬಂದಿದ್ದರು. ತಬಲಾದವನು ಕೂತದ್ದೇ ತಡ, ಮೆಣಸಿನಕಾಯಿ ಘಾಟಿಗೆ ಸೀನತೊಡಗಿದ. ಹೂದೋಟದ ಪರದೆ ಅರ್ಧಕ್ಕೆ ಸಿಕ್ಕಿಕೊಂಡಿತ್ತು, ಹೂಗಳಷ್ಟೇ ಕಾಣುತ್ತಿದ್ದವು, ಗಿಡಗಳು ಸುರುಳಿಯಲ್ಲೇ ಉಳಿದವು. ನಾನು ಕುರ್ಚಿಯ ಮೇಲೆ ಕೂತು, ಯಾಕೋ ಏನೋ, ಚಪ್ಪಲಿ ಬಿಟ್ಟೆ.

ಅತ್ತಿ ಹಸಿರು ಇಳಕಲ್ ಸೀರೆ ಉಟ್ಟು ಪಕ್ಕದಿಂದ ಬಂದಳು. ರಂಗದ ಹಲಗೆ ಮುಟ್ಟಿ ಹಣೆಗೆ ಹಚ್ಚಿಕೊಂಡಳು. ಕಂಬ ಹಿಡಿದು ನಿಂತಳು. ರಾಣಿ ಹೂದೋಟದಲ್ಲಿ ನಿಂತು, ರಾಜ ಬರುತ್ತಾನೆ, ಬಾಗಿಲು ಹಾಕಬೇಡ ಎಂದು ಗೆಳತಿಗೆ ಹೇಳುವ ಹಾಡು ಅದು. ಮೊದಲ ಸಾಲಿಗೇ ದನಿ ನಡುಗಿತು. ಛಲೋ ಇದೆಯೋ ಕೆಟ್ಟಿದೆಯೋ? ಹೆಂಡತಿಯ ಮುಖ ನೋಡಿದೆ, ಅವಳು ಕಣ್ಣು ಮುಚ್ಚಿದ್ದಳು. ಮಾಸ್ತರರ ಮುಖ ನೋಡಿದೆ, ಅವರು ತಮ್ಮ ಬೆರಳು ನೋಡುತ್ತಿದ್ದರು. ತಬಲಾದವನ ಕಣ್ಣಲ್ಲಿ ನೀರಿತ್ತು, ಅದು ಮೆಣಸಿನಕಾಯಿಯದು. ಯಾರಿಂದಲೂ ಸಹಾಯವಾಗಲಿಲ್ಲ. ಬೇರೆ ದಾರಿ ಇಲ್ಲದೆ ನಾನು ಹಾಡು ಕೇಳತೊಡಗಿದೆ.

ಬಾಗಿಲು ಹಾಕಬೇಡ ಎನ್ನುವ ಮಾತಿಗೆ ದನಿ ಮೇಲೆ ಹೋಗಬೇಕು. ಅತ್ತಿ ಏರಿದಳು, ಅರ್ಧಕ್ಕೆ ದನಿ ಒಡೆದು ನಿಂತಿತು. ಅವಳು ಗಂಟಲ ಮೇಲೆ, ಗಂಟಿದ್ದ ಜಾಗದಲ್ಲೇ, ಕೈ ಇಟ್ಟುಕೊಂಡಳು. ಮತ್ತೆ ಅದೇ ಮಾತು ಹಿಡಿದಳು. ಈ ಸಲ ಅವಸರ ಮಾಡಲಿಲ್ಲ. ಒಂದೊಂದೇ ಸುರ ಮುಟ್ಟಿ, ತಡೆದು, ಮೇಲೆ ಹೋಗಿ ತಲುಪಿಬಿಟ್ಟಳು. ಅದು ಯಾವ ರಾಗ, ಯಾವ ತಾಳ, ನನಗೆ ಇವತ್ತಿಗೂ ತಿಳಿಯದು. ಆ ಬಾಗಿಲು ಯಾರೂ ಹಾಕಬಾರದು ಎಂದು ಮಾತ್ರ ನನಗೆ ಜೀವ ಹೋಗುವಷ್ಟು ಅನ್ನಿಸಿತು.

‘ಒನ್ಸ್ ಮೋರ್!’

ಕೂಗಿದ್ದು ನಾನೇ ಎಂದು ತಿಳಿದದ್ದು ಕೂಗಿದ ಮೇಲೆ. ಎದ್ದೂ ನಿಂತಿದ್ದೆ. ಸಾಲು ಇನ್ನೂ ಅರ್ಧಕ್ಕಿತ್ತು, ತಬಲಾದವನ ಕೈ ತಪ್ಪಿತು. ಜಮಖಾನೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

‘ಹಾಡು ಇನ್ನೂ ಮುಗದಿಲ್ಲಲೇ ಮಬ್ಬ’ ಎಂದಳು ಅತ್ತಿ.

ನಾನು ಕಣ್ಣೊರೆಸಿಕೊಂಡೆ. ಮೆಣಸಿನಕಾಯಿಯ ಘಾಟು ಎಂದು ಹೇಳಬಹುದಿತ್ತು, ಹೇಳಲಿಲ್ಲ. ನನಗೆ ಅಳು ಬಂದಿತ್ತು.

ಅತ್ತಿ ನಗುತ್ತಿರಲಿಲ್ಲ. ನನ್ನ ಬರಿಗಾಲನ್ನು ನೋಡಿದಳು. ಅಲ್ಲಿಂದ ಮೇಲೆ, ಜಾಲರಿಯ ಕಡೆ ನೋಡಿದಳು.

‘ಯಾರ ಎಳದ್ರು?’

‘ಯಾರೂ ಎಳೀಲಿಲ್ಲ ಅತ್ತಿ. ಮ್ಯಾಲ ಯಾರೂ ಇಲ್ಲ.’

ಅವಳು ನಂಬಲಿಲ್ಲ. ನನ್ನ ಹೆಂಡತಿಯನ್ನು ಹುಡುಕಿದಳು. ‘ನಾ ಇಲ್ಲೇ ಅದೀನ್ರಿ ಅತ್ತಿ’ ಎಂದು ಅವಳು ಮುಂದಿನಿಂದ ಕೈ ಎತ್ತಿದಳು.

ಅತ್ತಿ ಇನ್ನೊಮ್ಮೆ ಆ ಖಾಲಿ ಜಾಲರಿಯನ್ನು ನೋಡಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಹಾರ್ಮೋನಿಯಂ ಕಡೆ ತಿರುಗಿದಳು.

‘ಮದ್ಲಿಂದ ಹಿಡೀರಿ ಮಾಸ್ತರ. ಮನಿ ಮಂದಿ ಖರೇನ ಕೇಳಾಕತ್ತಾರ.’